ಸಿಂಗಾಪುರಕ್ಕೆ ಒಂದೇ ಪುಟವಾ?

ನಮಸ್ಕಾರ.

ನೀವು ಕಳಿಸಿದ ‘5ನೇ ಲೈಟ್ ಇನ್‌ಫೆಂಟ್ರಿಯ ವೀರಗಾಥೆ’ಯನ್ನು ಪೂರ್ತಿ ಓದಿದೆ. ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಗೀಚಿ ವಾಪಸ್ ಕಳಿಸುವುದಕ್ಕೂ ಮನಸ್ಸು ಬರಲಿಲ್ಲ. ಯಾಕೆಂದರೆ ನೀವು ಕೈಗೆತ್ತಿಕೊಂಡಿರುವ ಕಥೆ ದೊಡ್ಡದು. ಮೊದಲ ಮಹಾಯುದ್ಧ ಅಂದರೆ ನಮ್ಮವರಿಗೆ ಹೈಫಾ, ಮೈಸೂರು ಲ್ಯಾನ್ಸರ್ಸ್ ಅಷ್ಟೇ ನೆನಪಾಗುವುದು. ಅದೇ ಯುದ್ಧದ ಮಧ್ಯೆ ಒಂದು ಭಾರತೀಯ ಪಲ್ಟನ್ ಸಿಂಗಾಪುರದಲ್ಲಿ ತನ್ನ ಅಧಿಕಾರಿಗಳ ಮೇಲೆಯೇ ಬಂದೂಕು ತಿರುಗಿಸಿತು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ನೀವು ಕೆಲಸ ಮಾಡುತ್ತಿರುವುದೂ ಅದೇ ಊರಲ್ಲಿ. ಜಾಗಗಳನ್ನೆಲ್ಲ ನಡೆದು ನೋಡಿದ್ದೀರಿ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಬರೆದಿದ್ದು ಮಾತ್ರ ಸರ್ಕಾರಿ ನೌಕರನ ಸರ್ವಿಸ್ ರಿಜಿಸ್ಟರ್ ಥರ ಇದೆ.

ಪುಟಗಳ ಲೆಕ್ಕ ನೋಡಿ. ಒಟ್ಟು ನಲವತ್ತು. ಅದರಲ್ಲಿ ಅರ್ಧಕ್ಕರ್ಧ ಪಲ್ಟನ್ನಿನ ಹೆಸರು, ನಂಬರು, ಕದನಗಳಿಗೇ ಹೋಗಿದೆ. 1803ರಲ್ಲಿ 21ನೇ ಬಂಗಾಳ ನೇಟಿವ್ ಇನ್‌ಫೆಂಟ್ರಿಯ ಎರಡನೇ ಬೆಟಾಲಿಯನ್ ಆಗಿ ಹುಟ್ಟಿತು. 1824ರಲ್ಲಿ 42ನೇ ನಂಬರು ಬಂತು. 1842ರಲ್ಲಿ ಲೈಟ್ ಇನ್‌ಫೆಂಟ್ರಿ ಆಯಿತು. 1861ರಲ್ಲಿ 42 ಹೋಗಿ 5 ಬಂತು. 1903ರಲ್ಲಿ ‘ಬಂಗಾಳ’ವೂ ಉದುರಿಹೋಯಿತು. ನೋಡಿ, ಐದಾರು ಸಾಲಿನಲ್ಲಿ ಮುಗಿಯಿತು. ಕಂದಹಾರ್, ಘಜ್ನಿ, ಕಾಬೂಲ್, ಮುಡ್ಕಿ, ಫಿರೋಜ್‌ಶಾ, ಸೊಬ್ರಾಂವ್, ಬರ್ಮಾ, ಹೀಗೆ ಒಂದೊಂದಕ್ಕೂ ನೀವು ಎರಡೆರಡು ಪುಟ ಕೊಟ್ಟಿದ್ದೀರಿ. ಓದಿದ ಮೇಲೆ ಕಾಬೂಲಿಗೂ ಬರ್ಮಾಕ್ಕೂ ವ್ಯತ್ಯಾಸ ಏನು ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಎಲ್ಲ ಕಡೆಯೂ ‘ರಣಕಹಳೆ ಮೊಳಗಿತು’, ಎಲ್ಲ ಕಡೆಯೂ ‘ಸಿಪಾಯಿಗಳು ಸಿಂಹದಂತೆ ಮುನ್ನುಗ್ಗಿದರು’. ಸಿಂಹಗಳು ಜಾಸ್ತಿಯಾದವು.

ಆಮೇಲೆ ಸಿಂಗಾಪುರ. ಅದಕ್ಕೆ ಸಿಕ್ಕಿದ್ದು ಒಂದೇ ಪುಟ! 112 ವರ್ಷ ಬ್ರಿಟಿಷರ ಉಪ್ಪುಂಡ ಪಲ್ಟನ್ ಒಂದು ಮಧ್ಯಾಹ್ನ ಎದ್ದು ನಿಂತಿತು. ಅದರ ಕಥೆ ಹೇಳಲು ಹೊರಟವರು ಆ ಮಧ್ಯಾಹ್ನವನ್ನೇ ಹಾರಿಸಿಕೊಂಡು ಹೋದರೆ ಹೇಗೆ? ಅದಾದ ಮೇಲೆ ಮತ್ತೆ ಹನ್ನೆರಡು ಪುಟ ಕ್ಯಾಮರೂನ್, ಪೂರ್ವ ಆಫ್ರಿಕಾ. ಕೊನೆಗೆ ಕರ್ನಲ್‌ಗಳ ಪಟ್ಟಿ. ಆ ಪಟ್ಟಿಯನ್ನು ದಯವಿಟ್ಟು ತೆಗೆದುಬಿಡಿ. ಯಾರೂ ಓದುವುದಿಲ್ಲ.

ಶ್ರೀರಂಗಪಟ್ಟಣದ ಎರಡು ಪುಟಗಳ ಬಗ್ಗೆ ಹೇಳಲೇಬೇಕು. ಕನ್ನಡ ಓದುಗರಿಗೆ ಹತ್ತಿರವಾಗಲಿ ಅಂತ ಟಿಪ್ಪುವಿನ ಕೊನೆಯ ಕಾಳಗವನ್ನು ತಂದಿದ್ದೀರಿ ಅನ್ನುವುದು ಅರ್ಥವಾಯಿತು. ಆದರೆ ಶ್ರೀರಂಗಪಟ್ಟಣ ಬಿದ್ದಿದ್ದು 1799ರಲ್ಲಿ. ನಿಮ್ಮ ಪಲ್ಟನ್ ಹುಟ್ಟಿದ್ದು 1803ರಲ್ಲಿ. ಹುಟ್ಟದೇ ಇರುವ ಪಲ್ಟನ್ ಕೋಟೆ ಹತ್ತುವುದು ಹೇಗೆ ಸ್ವಾಮಿ? ‘ಇಂಥ ಪಲ್ಟನ್‌ಗಳೇ ಶ್ರೀರಂಗಪಟ್ಟಣವನ್ನು ಗೆದ್ದವು’ ಅಂತ ಜಾಣತನದಿಂದ ಬರೆದಿದ್ದೀರಿ. ಆ ‘ಇಂಥ’ದ ಮೇಲೆ ಎರಡು ಪುಟ ನಿಲ್ಲುವುದಿಲ್ಲ. ಸಂಬಂಧ ಬೇಕೇ ಬೇಕು ಅಂದರೆ ವೆಲ್ಲೂರಿಗೆ ಹೋಗಿ. 1806ರ ಜುಲೈ 10ರಂದು ವೆಲ್ಲೂರು ಕೋಟೆಯಲ್ಲಿ ಮದ್ರಾಸ್ ಸೇನೆಯ ಸಿಪಾಯಿಗಳು ಎದ್ದರು. ಚರ್ಮದ ಪಟ್ಟಿಯ ಹೊಸ ಪೇಟ, ಹಣೆಯ ನಾಮ ಅಳಿಸಿ ಗಡ್ಡ ಬೋಳಿಸಿ ಅನ್ನುವ ಹೊಸ ನಿಯಮ ಅದಕ್ಕೆ ಕಿಡಿ. ಟಿಪ್ಪುವಿನ ಮಕ್ಕಳು ಅದೇ ಕೋಟೆಯಲ್ಲಿ ಇದ್ದರು. ದಂಗೆ ಅಡಗಿದ ಮೇಲೆ ಅವರನ್ನು ಕಲ್ಕತ್ತಾಕ್ಕೆ ಸಾಗಿಸಿದರು. ಅಲ್ಲೂ ಪಿತೂರಿ ಯಾರದ್ದು, ಸಿಪಾಯಿಗಳ ಸಿಟ್ಟು ಎಷ್ಟು ಅನ್ನುವ ಜಗಳ ಮುಗಿದಿಲ್ಲ. ಸಿಂಗಾಪುರದ ಪಕ್ಕದಲ್ಲಿಟ್ಟು ನೋಡಲು ಒಳ್ಳೆಯ ಜೋಡಿ. ಒಂದು ಪ್ಯಾರಾ ಸಾಕು. ಬೇಡ ಅಂದರೂ ಚಿಂತೆಯಿಲ್ಲ. ಸಿಂಗಾಪುರದ ಕಥೆಗೆ ಕರ್ನಾಟಕದ ಮೊಹರು ಬೇಕಿಲ್ಲ.

ಇನ್ನೊಂದು ಇದಕ್ಕಿಂತ ದೊಡ್ಡ ತಪ್ಪು. ‘1857ರ ಬಿರುಗಾಳಿಯಲ್ಲೂ ಈ ಪಲ್ಟನ್ ಅಚಲವಾಗಿ ನಿಷ್ಠವಾಗಿತ್ತು’ ಅಂತ ಬರೆದಿದ್ದೀರಿ. ಈ ಸಾಲನ್ನು ಎಲ್ಲಿಂದ ಎತ್ತಿಕೊಂಡಿರೋ ಗೊತ್ತಿಲ್ಲ. ಆಗ ಇದು 42ನೇ ಪಲ್ಟನ್. ಸಾಗರದ ಕಂಟೋನ್ಮೆಂಟಿನಲ್ಲಿತ್ತು. (ಮಧ್ಯಪ್ರದೇಶದ ಸಾಗರ, ನಮ್ಮ ಜೋಗದ ಪಕ್ಕದ್ದಲ್ಲ.) 1857ರ ಜುಲೈನಲ್ಲಿ ಅಲ್ಲಿ 42ರ ಬಹುಪಾಲು ಸಿಪಾಯಿಗಳು ದಂಗೆ ಎದ್ದರು. ಪಕ್ಕದಲ್ಲೇ ಇದ್ದ 31ನೇ ಪಲ್ಟನ್ ಈಸ್ಟ್ ಇಂಡಿಯಾ ಕಂಪನಿಯ ಪರ ನಿಂತಿತು. ನಿಂತಿದ್ದಷ್ಟೇ ಅಲ್ಲ, 42ರವರ ಮೇಲೆಯೇ ಕಾದಾಡಿತು. ದಂಗೆಯ ನಂತರ ಬಂಗಾಳ ಸೇನೆಯ ಹಳೆಯ ಪಲ್ಟನ್‌ಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದವು. ಉಳಿದವಕ್ಕೆ 1861ರಲ್ಲಿ ಒಂದರಿಂದ ಹೊಸದಾಗಿ ನಂಬರು ಕೊಟ್ಟರು. ಜೊತೆ ಬಿಡದ ಕೆಲವರಿಂದಾಗಿ 42ರ ಹೆಸರು ಉಳಿಯಿತು, ಐದನೆಯದಾಯಿತು. ಈಗ ಹೇಳಿ, 42 ಹೋಗಿ 5 ಬಂದಿದ್ದು ಬರೀ ನಂಬರಿನ ವಿಷಯವಾ? ನಿಮ್ಮ ಅಷ್ಟೂ ನಂಬರುಗಳಲ್ಲಿ ನಿಜವಾಗಿ ಕಥೆ ಇರುವುದು ಇದೊಂದರಲ್ಲೇ. ಅದನ್ನೇ ನೀವು ‘ಮರುನಾಮಕರಣಗೊಂಡಿತು’ ಅಂತ ಒಂದು ಪದದಲ್ಲಿ ದಾಟಿಬಿಟ್ಟಿರಿ.

ಸರಿ, ಈಗ ಆ ಒಂದು ಪುಟಕ್ಕೆ ಬರೋಣ. ಅದನ್ನು ಹಿಗ್ಗಿಸಿದರೆ ನಮಗೆ ಬೇಕಾದ ಲೇಖನ ಸಿಗುತ್ತದೆ.

1914ರ ಅಕ್ಟೋಬರಿನಿಂದ ಶುರುಮಾಡಿ. ಬುಂದೇಲಖಂಡದ ನೌಗಾಂವ್ ಕಂಟೋನ್ಮೆಂಟಿನಿಂದ ಎಂಟುನೂರಕ್ಕೂ ಹೆಚ್ಚು ಸಿಪಾಯಿಗಳು ಸಿಂಗಾಪುರಕ್ಕೆ ಬಂದರು. ಅಲ್ಲಿದ್ದ ಬ್ರಿಟಿಷ್ ಯಾರ್ಕ್‌ಷೈರ್ ಪಲ್ಟನ್ ಯುರೋಪಿಗೆ ಹೋಗಬೇಕಿತ್ತು, ಇವರು ಅದರ ಬದಲಿಗೆ. ಅಂದರೆ ಇಡೀ ದ್ವೀಪದ ಕಾವಲಿಗೆ ಇದ್ದ ಖಾಯಂ ಕಾಲಾಳು ಪಡೆ ಇದೊಂದೇ ಅನ್ನುವ ಹಾಗಾಯಿತು. ಉಳಿದವರೆಲ್ಲ ಫಿರಂಗಿಯವರು, ಸ್ವಯಂಸೇವಕರು. ಪಲ್ಟನ್ನಿನಲ್ಲಿ ಆಗ ಇದ್ದವರೆಲ್ಲ ಮುಸ್ಲಿಮರು. ಅರ್ಧ ಜನ ರಾಂಘಡರು, ಅಂದರೆ ಇಂದಿನ ಹರಿಯಾಣದ ರೋಹ್ತಕ್, ಹಿಸಾರ್ ಕಡೆಯ ರಜಪೂತ ಮೂಲದ ಮುಸ್ಲಿಮರು. ಇನ್ನರ್ಧ ಹೆಚ್ಚಾಗಿ ಪಠಾಣರು. ಪಲ್ಟನ್ನಿನೊಳಗಿನ ತುಕಡಿಗಳು, ಅಂದರೆ ಕಂಪನಿಗಳೂ ಹಾಗೇ ಬೇರೆಬೇರೆ. ಎಂಟರಲ್ಲಿ ನಾಲ್ಕು ಇವರದ್ದು, ನಾಲ್ಕು ಅವರದ್ದು. ನೀವು ಈ ವಿವರವನ್ನೇ ಕೊಟ್ಟಿಲ್ಲ. ಇದಿಲ್ಲದೆ ಮುಂದಿನದು ಏನೂ ಅರ್ಥವಾಗುವುದಿಲ್ಲ. ಯಾಕೆಂದರೆ ಎದ್ದಿದ್ದು ರಾಂಘಡರ ನಾಲ್ಕು ಕಂಪನಿ. ಪಠಾಣರ ಕಂಪನಿಗಳವರು ಸೇರಲಿಲ್ಲ, ಗಾಬರಿಯಲ್ಲಿ ದಿಕ್ಕಾಪಾಲಾದರು.

ಆ ನವೆಂಬರಿನಲ್ಲಿ ತುರ್ಕಿಯ ಸುಲ್ತಾನ ಬ್ರಿಟಿಷರ ವಿರುದ್ಧ ಜಿಹಾದ್ ಸಾರಿದ. ಭಾರತದ ಎಷ್ಟೋ ಮುಸ್ಲಿಮರಿಗೆ ಆತ ಖಲೀಫ. ಸಿಂಗಾಪುರದ ಕಾಂಪೊಂಗ್ ಜಾವಾ ಮಸೀದಿಗೆ ಸಿಪಾಯಿಗಳು ಹೋಗುತ್ತಿದ್ದರು. ಅಲ್ಲಿನ ಇಮಾಮ್ ನೂರ್ ಆಲಂ ಶಾ ತುರ್ಕಿಯ ಪರ ಮಾತಾಡುತ್ತಿದ್ದ. ಕಾಸಿಂ ಮನ್ಸೂರ್ ಅನ್ನುವ ಗುಜರಾತಿ ವ್ಯಾಪಾರಿ ಸಿಪಾಯಿಗಳನ್ನು ಮನೆಗೆ ಕರೆದು ಸತ್ಕರಿಸುತ್ತಿದ್ದ. ರಂಗೂನಿನ ತುರ್ಕಿ ಕಾನ್ಸಲ್‌ಗೆ ತಲುಪಲೆಂದು, ಯುದ್ಧನೌಕೆ ಕಳಿಸಿ ಅಂತ ಕಾಗದ ಬರೆದ. ಅದು ಸಿಕ್ಕಿಬಿತ್ತು, ಅವನನ್ನು ಗಲ್ಲಿಗೇರಿಸಿದರು. ಬ್ರಿಟಿಷರನ್ನು ಓಡಿಸಲೆಂದು ವಿದೇಶದಲ್ಲಿದ್ದ ಭಾರತೀಯರು ಕಟ್ಟಿದ ಗದರ್ ಪಕ್ಷದ ಮಾತುಗಳೂ ಬಂದರಿಗೆ ಬರುವ ಹಡಗುಗಳ ಜೊತೆ ಬರುತ್ತಿದ್ದವು. ಇದೆಲ್ಲ ನಿಜ. ಆದರೆ ನೀವು ಇಷ್ಟಕ್ಕೇ ನಿಲ್ಲಿಸಿ ‘ಗದರ್ ವೀರರ ಕರೆಗೆ ಪಲ್ಟನ್ ಓಗೊಟ್ಟಿತು’ ಅಂತ ಷರಾ ಬರೆದಿದ್ದೀರಿ. ಹಾಗಾದರೆ ಅದೇ ಕರೆ ಕೇಳಿದ ಪಠಾಣರು ಯಾಕೆ ಓಗೊಡಲಿಲ್ಲ? ಈ ಪ್ರಶ್ನೆ ಕೇಳಿಕೊಂಡಿದ್ದರೆ ನಿಮ್ಮ ಬರಹವೇ ಬೇರೆಯಾಗುತ್ತಿತ್ತು.

ನನಗೆ ಆಡಿನ ಮಾಂಸದ ಕಥೆ ಬೇಕು. ನಗಬೇಡಿ. ಸಿಂಗಾಪುರದಲ್ಲಿ ಸಿಪಾಯಿಗಳಿಗೆ ರೂಢಿಯ ಪಡಿ ಸರಿಯಾಗಿ ಸಿಗುತ್ತಿರಲಿಲ್ಲ, ಹಾಲು ಕಡಿಮೆ, ಆಡಿನ ಮಾಂಸ ಕಡಿಮೆ ಅನ್ನುವ ದೂರು ಇತ್ತು. ಬಡ್ತಿಯ ಜಗಳವೂ ಇತ್ತು. ಇಮ್ತಿಯಾಜ್ ಅಲಿ ಅನ್ನುವ ಹವಾಲ್ದಾರನಿಗೆ ಜಮಾದಾರ ಹುದ್ದೆ ತಪ್ಪಿದ್ದು ಭಾರತೀಯ ಅಧಿಕಾರಿಗಳ ನಡುವೆ ಎರಡು ಬಣ ಮಾಡಿತ್ತು. ಇವರ ಮೇಲೆ ಕರ್ನಲ್ ಮಾರ್ಟಿನ್. ಅವನು ಇದೇ ಪಲ್ಟನ್ನಿನಲ್ಲಿ ಮೇಜರ್ ಆಗಿದ್ದು ಮೇಲೇರಿದವನು. ಕೆಳಗಿನ ಬ್ರಿಟಿಷ್ ಅಧಿಕಾರಿಗಳಿಗೆ ಅವನನ್ನು ಕಂಡರೆ ಆಗದು, ಅವನಿಗೆ ಅವರನ್ನು ಕಂಡರೆ ಆಗದು. ಸಾಹೇಬರುಗಳು ಒಬ್ಬರ ಬೆನ್ನ ಹಿಂದೆ ಒಬ್ಬರು ಆಡಿಕೊಳ್ಳುವುದು ಸಿಪಾಯಿಗಳಿಗೆ ಗೊತ್ತಾಗದೇ ಇರುತ್ತದಾ? ಒಂದು ಪಲ್ಟನ್ ಅಂದರೆ ಬಂದೂಕುಗಳ ಲೆಕ್ಕವಲ್ಲ. ಮೇಲಿನವನ ಮಾತನ್ನು ಕೆಳಗಿನವನು ನಂಬುತ್ತಾನೋ ಇಲ್ಲವೋ, ಅದರ ಮೇಲೆ ಎಲ್ಲ ನಿಂತಿರುತ್ತದೆ. ಇಲ್ಲಿ ಆ ನಂಬಿಕೆ ಎಂದೋ ಮುರಿದಿತ್ತು.

ಹಾಗಾಗಿಯೇ ಹಾಂಗ್‌ಕಾಂಗ್ ವಿಷಯ ಅಷ್ಟು ದೊಡ್ಡದಾಯಿತು. ಪಲ್ಟನ್ ಹಾಂಗ್‌ಕಾಂಗಿಗೆ ಹೋಗುತ್ತದೆ ಅಂತ ಜನವರಿ ಕೊನೆಯಲ್ಲಿ ಮಾರ್ಟಿನ್ ಹೇಳಿದ್ದ. ಸಿಪಾಯಿಗಳು ನಂಬಲಿಲ್ಲ. ತುರ್ಕಿಯವರ ಮೇಲೆ ಕಾದಾಡಲು ಒಯ್ಯುತ್ತಾರೆ ಅಂತ ಒಬ್ಬ, ಹಡಗನ್ನು ಸಮುದ್ರದ ಮಧ್ಯೆ ಮುಳುಗಿಸಿಬಿಡುತ್ತಾರೆ ಅಂತ ಇನ್ನೊಬ್ಬ. ‘ನೋರ್’ ಅನ್ನುವ ಹಡಗು ಬಂದರಿನಲ್ಲಿ ಕಾಯುತ್ತಿತ್ತು.

1915ರ ಫೆಬ್ರವರಿ 15, ಸೋಮವಾರ. ಬೆಳಗ್ಗೆ ಅಲೆಕ್ಸಾಂಡ್ರಾ ಬ್ಯಾರಕ್ಕಿನಲ್ಲಿ ಬೀಳ್ಕೊಡುಗೆ ಪರೇಡ್. ಸಿಂಗಾಪುರದ ಸೇನಾ ಮುಖ್ಯಸ್ಥ ಜನರಲ್ ರಿಡೌಟ್ ಭಾಷಣ ಮಾಡಿದ. ಚೆನ್ನಾಗಿ ಕಾಣುತ್ತಿದ್ದೀರಿ, ನಾಳೆ ಹೊರಡುತ್ತೀರಿ ಅಂತ ಹೊಗಳಿದ. ಎಲ್ಲಿಗೆ ಅಂತ ಮಾತ್ರ ಹೇಳಲಿಲ್ಲ. ಹಾಂಗ್‌ಕಾಂಗ್ ಅನ್ನುವ ಒಂದು ಹೆಸರು ಆ ಭಾಷಣದಲ್ಲಿ ಬರಲಿಲ್ಲ. ಇಂಗ್ಲಿಷಿನ ಆ ಮಾತನ್ನು ಹಿಂದೂಸ್ತಾನಿಯಲ್ಲಿ ಸಿಪಾಯಿಗಳಿಗೆ ತಿಳಿಸಿದವನು ಯಾರು? ಅದೇ ಮಾರ್ಟಿನ್. ಸಾಲಾಗಿ ನಿಂತು ಅದನ್ನು ಕೇಳಿಸಿಕೊಳ್ಳುತ್ತಿರುವ ಒಬ್ಬ ಸಿಪಾಯಿಯ ಪಕ್ಕ ಹೋಗಿ ನಿಲ್ಲಿ. ನಿಮ್ಮ ಲೇಖನ ಶುರುವಾಗಬೇಕಾದ ಜಾಗ ಅದು. ಮಧ್ಯಾಹ್ನ ಮೂರೂವರೆಯ ಸುಮಾರಿಗೆ, ಮದ್ದುಗುಂಡನ್ನು ಲಾರಿಗೆ ತುಂಬುವ ಹೊತ್ತಿನಲ್ಲಿ, ಮೊದಲ ಗುಂಡು ಹಾರಿತು.

ಊರಲ್ಲಿ ಚೀನೀ ಹೊಸವರ್ಷದ ರಜೆ. ಅರ್ಧ ಊರು ಮಲಗಿತ್ತು, ಅರ್ಧ ಊರು ಹಬ್ಬದಲ್ಲಿತ್ತು. ಎದ್ದವರು ಮೂರು ಗುಂಪಾದರು. ಒಂದು ಗುಂಪು ಮಾರ್ಟಿನ್ನನ ಬಂಗಲೆಗೆ ಮುತ್ತಿಗೆ ಹಾಕಿತು. ಇನ್ನೊಂದು ಟ್ಯಾಂಗ್ಲಿನ್ ಬ್ಯಾರಕ್ಕಿಗೆ ಹೋಯಿತು. ಅಲ್ಲಿ ಮುನ್ನೂರಕ್ಕೂ ಹೆಚ್ಚು ಜರ್ಮನ್ನರು ಸೆರೆಯಲ್ಲಿದ್ದರು, ‘ಎಮ್ಡೆನ್’ ನೌಕೆಯವರೂ ಸೇರಿ. (ಎಮ್ಡೆನ್ ಗೊತ್ತಲ್ಲ, 1914ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾಕಿ ಹೋದ ಹಡಗು. ಕನ್ನಡ ಓದುಗರಿಗೆ ಪರಿಚಯ ಬೇಕಿದ್ದರೆ ಶ್ರೀರಂಗಪಟ್ಟಣ ಬಿಟ್ಟು ಇದನ್ನು ಹೇಳಿ.) ಸಿಪಾಯಿಗಳು ಕಾವಲುಗಾರರನ್ನು ಕೊಂದು ಬಾಗಿಲು ತೆಗೆದರು, ಬಂದೂಕು ಕೊಡಲು ಹೋದರು. ಹೆಚ್ಚಿನ ಜರ್ಮನ್ನರು ಮುಟ್ಟಲಿಲ್ಲ. ಕೆಲವರು ಸಿಕ್ಕಿದ್ದೇ ಛಾನ್ಸು ಅಂತ ಪರಾರಿಯಾದರು. ಅವರಲ್ಲೊಬ್ಬ ಲೌಟರ್‌ಬಾಖ್, ದಂಗೆ ಎಬ್ಬಿಸಿದ್ದು ನಾನೇ ಅಂತ ಆಮೇಲೆ ಕೊಚ್ಚಿಕೊಂಡ. ನೀವು ‘ಜರ್ಮನ್ ಸಂಚು’ ಅಂತ ಬರೆದಿದ್ದು ಅವನಂಥವರ ಮಾತು ನಂಬಿಯೇ ಇರಬೇಕು. ಸಂಚಿನಲ್ಲಿ ಇದ್ದವರು ಕೈಗೆ ಬಂದ ಬಂದೂಕನ್ನು ಬೇಡ ಅನ್ನುತ್ತಾರಾ?

ದಾರಿಯಲ್ಲಿ ಸಿಕ್ಕ ಬ್ರಿಟಿಷ್ ನಾಗರಿಕರನ್ನೂ ಸಿಪಾಯಿಗಳು ಕೊಂದರು. ಅವರ ಕೈಯಲ್ಲಿ ಆಯುಧವಿರಲಿಲ್ಲ. ನಿಮ್ಮ ಪುಟದಲ್ಲಿ ಇದು ಪೂರ್ತಿ ಮಾಯ. ‘ಸ್ವಾತಂತ್ರ್ಯದ ಕಿಡಿ’ ಅನ್ನುವ ತಲೆಬರಹದ ಕೆಳಗೆ ಇದನ್ನು ಇಡುವುದು ಕಷ್ಟ ಅಂತ ಬಿಟ್ಟಿರಾ? ತಮಾಷೆಯೆಂದರೆ ಎರಡೇ ಪ್ಯಾರಾ ಆದಮೇಲೆ ಅದೇ ಜನ ‘ದಾರಿತಪ್ಪಿದ ಸಿಪಾಯಿ’ಗಳಾಗಿಬಿಡುತ್ತಾರೆ, ಯಾಕೆಂದರೆ ಅಷ್ಟು ಹೊತ್ತಿಗೆ ನಿಮಗೆ ಪಲ್ಟನ್ನಿನ ಮಾನ ಕಾಪಾಡಬೇಕಾಗಿದೆ. ಒಂದೇ ಪುಟದಲ್ಲಿ ವೀರರೂ ಹೌದು, ದಾರಿತಪ್ಪಿದವರೂ ಹೌದು. ಎರಡು ಹಣೆಪಟ್ಟಿಯನ್ನೂ ಕಿತ್ತುಹಾಕಿ. ಅವರು ಏನು ಮಾಡಿದರು ಅಂತ ಬರೆಯಿರಿ, ಸಾಕು.

ದಂಗೆ ಅಡಗಿಸಿದವರ ಪಟ್ಟಿ ಕೂಡ ಸ್ವಾರಸ್ಯವಾಗಿದೆ. ಬಂದರಿನಲ್ಲಿದ್ದ ‘ಕ್ಯಾಡ್ಮಸ್’ ನೌಕೆಯವರು, ಜೋಹೋರ್ ಸುಲ್ತಾನನ ಸೈನಿಕರು, ಫ್ರೆಂಚ್, ರಷ್ಯನ್, ಜಪಾನೀ ನೌಕೆಗಳ ಜನ, ರಂಗೂನಿನಿಂದ ಬಂದ ಬ್ರಿಟಿಷ್ ಪಡೆ. ಜಪಾನೀಯರು ಸಿಂಗಾಪುರದ ಬ್ರಿಟಿಷರನ್ನು ಕಾಪಾಡಲು ಬಂದೂಕು ಹಿಡಿದಿದ್ದರು ಅಂದರೆ, 1942ರಲ್ಲಿ ಅದೇ ಜಪಾನ್ ಸಿಂಗಾಪುರವನ್ನು ಬ್ರಿಟಿಷರಿಂದ ಕಿತ್ತುಕೊಂಡಿದ್ದು ಗೊತ್ತಿರುವವರು ಒಂದು ಕ್ಷಣ ನಿಲ್ಲುತ್ತಾರೆ. ಇದನ್ನು ಒತ್ತಿ ಹೇಳುವುದು ಬೇಡ, ಸುಮ್ನೆ ಹೇಳಿ ಮುಂದೆ ಹೋಗಿ.

ನಿಮ್ಮ ಬರಹದಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಔಟ್ರಮ್ ಜೈಲಿನ ಅರ್ಧ ಪ್ಯಾರಾ. ಇನ್ನೂರಕ್ಕೂ ಹೆಚ್ಚು ಸಿಪಾಯಿಗಳ ವಿಚಾರಣೆ ನಡೆಯಿತು, 47 ಮಂದಿಯನ್ನು ಗುಂಡಿಟ್ಟು ಕೊಂದರು, 64 ಮಂದಿಗೆ ಜೀವಾವಧಿ ಗಡಿಪಾರು, 73 ಮಂದಿಗೆ 7ರಿಂದ 20 ವರ್ಷದ ಶಿಕ್ಷೆ. ಅಂಕಿಗಳು ಸರಿಯಾಗಿವೆ. ಅದಾದ ಮೇಲೆ ನೀವು ಕಣ್ಣು ತೆರೆದು ನೋಡಿದ್ದೀರಿ. ಜೈಲಿನ ಗೋಡೆಯ ಹೊರಗೆ ಸಾಲಾಗಿ ನೆಟ್ಟ ಕಂಬಗಳು. ನೋಡಲು ನೆರೆದ ಸುಮಾರು 15,000 ಜನ. ಗುಂಡು ಹಾರಿಸಿದವರಲ್ಲಿ ಎಷ್ಟೋ ಜನ ಮೊನ್ನೆಮೊನ್ನೆಯವರೆಗೆ ಆಫೀಸಿನಲ್ಲಿ ಕೂತು ಲೆಕ್ಕ ಬರೆಯುತ್ತಿದ್ದ ಸ್ವಯಂಸೇವಕರು. ಜೈಲು ಈಗಿಲ್ಲ, ಅಲ್ಲೇ ಹತ್ತಿರ ಮೆಟ್ರೊ ಸ್ಟೇಷನ್ ಇದೆ. ಸೇಂಟ್ ಆಂಡ್ರೂಸ್ ಚರ್ಚಿನಲ್ಲಿ, ವಿಕ್ಟೋರಿಯಾ ಹಾಲಿನಲ್ಲಿ ಸತ್ತ ಬ್ರಿಟಿಷರ ಹೆಸರಿನ ಫಲಕಗಳಿವೆ, ಅವುಗಳಲ್ಲಿ ಗುಂಡಿಗೆ ಎದೆಕೊಟ್ಟ ಸಿಪಾಯಿಗಳ ಹೆಸರಿಲ್ಲ ಅಂತ ಬರೆದಿದ್ದೀರಿ. ಇಲ್ಲಿ ಒಂದೂ ಸಿಂಹ ಬರಲಿಲ್ಲ, ಕಹಳೆ ಮೊಳಗಲಿಲ್ಲ. ಉಳಿದ ಲೇಖನವೂ ಇದೇ ಕೈಯಲ್ಲಿ ಬರಲಿ.

ಆಧಾರಗಳ ಬಗ್ಗೆ ಒಂದು ಮಾತು. ವಿಚಾರಣಾ ಆಯೋಗದ ವರದಿಯನ್ನು ನೀವು ಓದಿದ್ದೀರಿ, ಒಳ್ಳೆಯದು. ಬಹಳ ಕಾಲ ಗುಪ್ತವಾಗಿ ಇಟ್ಟಿದ್ದ ಕಾಗದ ಅದು. ಆದರೆ ಅದರಲ್ಲಿನ ಹೇಳಿಕೆಗಳನ್ನು ವೇದವಾಕ್ಯದಂತೆ ಎತ್ತಿಕೊಂಡಿದ್ದೀರಿ. ಹೇಳಿಕೆ ಕೊಟ್ಟ ಸಿಪಾಯಿಯ ಜಾಗದಲ್ಲಿ ನಿಂತು ನೋಡಿ. ಹೊರಗೆ ಜೊತೆಗಾರರಿಗೆ ಗುಂಡಿಕ್ಕುತ್ತಿದ್ದಾರೆ. ‘ನಾನು ಕಾಡಿಗೆ ಓಡಿಹೋದೆ, ಏನೂ ನೋಡಲಿಲ್ಲ’ ಅನ್ನದೆ ಇನ್ನೇನು ಹೇಳುತ್ತಾನೆ? ಸುಬೇದಾರ್ ದುಂಡೇ ಖಾನ್, ಜಮಾದಾರ್ ಚಿಸ್ತಿ ಖಾನ್ ಮುಖ್ಯ ಪಿತೂರಿಗಾರರು ಅಂತ ಆಯೋಗ ಹೇಳಿತು, ನೀವೂ ಹೇಳಿದಿರಿ. ಯಾರ ಹೇಳಿಕೆಯ ಮೇಲೆ? ಹೇಳಿದವನು ಯಾವ ಬಣದವನು? ಬಡ್ತಿ ಜಗಳದಲ್ಲಿ ಅವನು ಯಾರ ಕಡೆ ಇದ್ದ? ಬ್ರಿಟಿಷ್ ಅಧಿಕಾರಿಗಳಿಗೂ ಮಾರ್ಟಿನ್ ಮೇಲೆ ತಪ್ಪು ಹೊರಿಸುವುದು ಅನುಕೂಲವಾಗಿತ್ತು. ಆಯೋಗ ಅವನನ್ನು ಚೆನ್ನಾಗಿ ಝಾಡಿಸಿತು, ಅವನು ನಿವೃತ್ತನಾದ. ಹೇಳಿಕೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಯಾರು, ಯಾವ ಹೊತ್ತಿನಲ್ಲಿ, ಯಾರ ಎದುರು ಹೇಳಿದ ಮಾತು ಅನ್ನುವುದನ್ನು ಓದುಗನಿಗೂ ತಿಳಿಸಿ ಅನ್ನುತ್ತಿದ್ದೇನೆ. ಸಿಪಾಯಿಗಳು ಊರಿಗೆ ಬರೆದು ಸೆನ್ಸಾರಿನವರ ಕೈಗೆ ಸಿಕ್ಕಿದ ಕಾಗದಗಳೂ ಇವೆ. ಅವುಗಳನ್ನು ಹುಡುಕಿ ಓದಿ. ಸಾಹೇಬರ ಎದುರು ನಿಂತು ಆಡಿದ ಮಾತಿಗೂ ಅಣ್ಣನಿಗೆ ಬರೆದ ಮಾತಿಗೂ ಫರಕು ಇದ್ದೇ ಇರುತ್ತದೆ.

ಉಳಿದವರನ್ನು ಮರೆಯಬೇಡಿ. 1915ರ ಜುಲೈ 3ರಂದು 588 ಸಿಪಾಯಿಗಳು ಸಿಂಗಾಪುರದಿಂದ ಹೊರಟರು. ಮೊದಲು ಕ್ಯಾಮರೂನ್, ಆಮೇಲೆ ಜರ್ಮನ್ ಪೂರ್ವ ಆಫ್ರಿಕಾ. ಅದೇ ಪಲ್ಟನ್, ಅದೇ ಹೆಸರು. ಅಣ್ಣತಮ್ಮಂದಿರ ಹಾಗೆ ಇದ್ದವರಿಗೆ ಗುಂಡಿಟ್ಟಿದ್ದನ್ನು ಕಂಡವರು ಅದೇ ಸರ್ಕಾರಕ್ಕಾಗಿ ಆಫ್ರಿಕಾದ ಕಾಡಿನಲ್ಲಿ ಕಾದಾಡಿದರು. ಯಾವ ಕದನ, ಎಷ್ಟು ಮೈಲಿ ಅಂತ ನಿಮ್ಮ ಹನ್ನೆರಡು ಪುಟ ಹೇಳುತ್ತವೆ. ಅವರಿಗೆ ಹೇಗಾಗಿದ್ದಿರಬಹುದು ಅಂತ ಒಂದು ಕಡೆಯೂ ಯೋಚಿಸಿಲ್ಲ. ಊಹೆ ಮಾಡಿ ಕಾದಂಬರಿ ಬರೆಯಿರಿ ಅಂತಲ್ಲ. ಆ ಪ್ರಶ್ನೆ ನಿಮ್ಮ ತಲೆಯಲ್ಲಿದ್ದರೆ ಆ ಹನ್ನೆರಡು ಪುಟ ತಾನಾಗಿಯೇ ಒಂದೂವರೆಗೆ ಇಳಿಯುತ್ತದೆ. 1922ರಲ್ಲಿ ಪಲ್ಟನ್ನನ್ನೇ ವಿಸರ್ಜಿಸಿದರು. ಅದಕ್ಕೆ ಒಂದು ಸಾಲು.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀವು ನನಗೆ ಬರೆದ ಮೇಲ್ ಎಷ್ಟು ಚೆನ್ನಾಗಿತ್ತು! ಮಾತಾಡಿದ ಹಾಗಿತ್ತು. ಲೇಖನಕ್ಕೆ ಬಂದ ಕೂಡಲೇ ಯಾಕೆ ಪೇಟ, ಶಾಲು ಹಾಕಿಕೊಂಡು ಕೂತಿರಿ? ‘ಪ್ರಾಣಾರ್ಪಣೆಗೈದರು’, ‘ವಿಜಯಪತಾಕೆ ಹಾರಿಸಿದರು’ ಎಲ್ಲ ಹೋಗಲಿ. ಸತ್ತರು ಅಂದರೆ ಸತ್ತರು.

ಮೂರು ಸಾವಿರ ಪದ ಮೀರಬೇಡಿ. ಫೆಬ್ರವರಿ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ, ಡಿಸೆಂಬರ್ ಕೊನೆಯೊಳಗೆ ನನ್ನ ಕೈಗೆ ಬರಲಿ. ಪದಕಗಳ ಫೋಟೋ ಬೇಡ. ಚರ್ಚಿನ ಫಲಕದ ಒಂದು ಚಿತ್ರ, ಅಲೆಕ್ಸಾಂಡ್ರಾದಿಂದ ಟ್ಯಾಂಗ್ಲಿನ್‌ಗೆ ಹೋಗುವ ದಾರಿಯ ಒಂದು ನಕ್ಷೆ ಕಳಿಸಿ. ನಕ್ಷೆಯನ್ನು ನೀವೇ ಕೈಯಲ್ಲಿ ಬರೆದರೂ ಆಗುತ್ತದೆ. ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.